ಹಿಮದ ಭಾಗ

ಅಲ್ ವುಕೈರ್
ಜನವರಿ 14, 2025

ಮಾನ್ಯ ಕೊರಗ ಅವರಿಗೆ ನಮಸ್ಕಾರಗಳು.

ನಿಮಗೆ ನನ್ನ ಪರಿಚಯವಿಲ್ಲ. ನಾನು ಜುಮಾನಾ, ಉಳ್ಳಾಲದ ಪಕೀರಬ್ಬರ ಮಗಳು. ಪೈಪುಗಳಿಗೆ ಇನ್ಸುಲೇಷನ್ ಸುತ್ತುತ್ತಿದ್ದವರು, ದುಖಾನ್ ಕ್ಯಾಂಪಿನಲ್ಲಿ ನಿಮ್ಮ ಜೊತೆ ರೂಮಿನಲ್ಲಿದ್ದವರು ಎಂದರೆ ನೆನಪಾದೀತು. ಉಮ್ಮ ತೀರಿಕೊಂಡ ಮೇಲೆ ಉಪ್ಪ ಇಲ್ಲಿ ದೋಹಾದ ಹತ್ತಿರ ನಮ್ಮ ಜೊತೆಯಲ್ಲೇ ಇದ್ದಾರೆ.

ನಾನು ಮನೆಯಲ್ಲೇ ಕೂತು ಕನ್ನಡ ಎಂ.ಎ. ಮಾಡುತ್ತಿದ್ದೇನೆ. ಕೊನೆಯಲ್ಲಿ ಒಂದು ಪ್ರಬಂಧ ಬರೆಯಬೇಕು. ಉಪ್ಪನ ಪೆಟ್ಟಿಗೆಯಲ್ಲಿ ಒಂದು ರಷ್ಯನ್ ಕಾದಂಬರಿಯ ಹಳೆಯ ಕನ್ನಡ ಅನುವಾದ ಸಿಕ್ಕಿತು. ಓದಲು ಬಾರದ ಉಪ್ಪನ ಬಳಿ ಕಾದಂಬರಿ ಯಾಕೆ ಎಂದು ಆಶ್ಚರ್ಯವಾಯಿತು. ಓದಿದೆ, ಬಿಡಲು ಆಗಲಿಲ್ಲ. ‘ಕಾದಂಬರಿಯಲ್ಲಿ ಪ್ರಕೃತಿಯ ಪಾತ್ರ’ ಎಂದು ವಿಷಯ ಕೊಟ್ಟೂ ಬಿಟ್ಟೆ. ದೂರದ ಊರಿನಲ್ಲಿ ದುಡಿಯುವ ಬಡಗಿಯೊಬ್ಬ ಕಾಯಿಲೆಯ ತಾಯಿಯನ್ನು ನೋಡಲು ಹೊರಡುತ್ತಾನೆ, ದಾರಿಯುದ್ದಕ್ಕೂ ಹಿಮ ಅವನನ್ನು ತಡೆಯುತ್ತದೆ. ಇಲ್ಲಿ ಹಿಮವೇ ಖಳನಾಯಕ ಎಂದು ನಲವತ್ತು ಪುಟ ಬರೆದಿದ್ದೇನೆ.

ಆದರೆ ನನ್ನ ಹತ್ತಿರ ಇರುವುದು ಅರ್ಧ ಪುಸ್ತಕ. ನೂರಾ ಅರವತ್ತೆರಡನೆಯ ಪುಟಕ್ಕೆ ಬೆನ್ನು ಹರಿದಿದೆ. ಇನ್ನೊಂದು ಪ್ರತಿ ಎಲ್ಲಿಯೂ ಸಿಗುತ್ತಿಲ್ಲ. ಅರ್ಧ ಓದಿ ಪೂರ್ತಿ ತೀರ್ಪು ಕೊಡಬೇಡಮ್ಮ ಎಂದು ನನ್ನ ಗೈಡ್ ಸಹನಾ ಮೇಡಂ ಬೈದರು. ಒಳಪುಟದಲ್ಲಿ ‘ಕೊರಗ, ಟೈಮ್ ಕೀಪರ್, ದುಖಾನ್’ ಎಂದು ಬರೆದಿದೆ. ನಮ್ಮ ಕೆಳಗಿನ ಫ್ಲ್ಯಾಟಿನ ರೋಶನ್ ಅಣ್ಣ ನಿಮ್ಮ ಕಂಪನಿಯ ಬಸ್ ಓಡಿಸುತ್ತಾರೆ. ಕೇಳಿದ್ದಕ್ಕೆ, “ಕೊರಗಣ್ಣನಾ? ಇನ್ನೂ ಅಲ್ಲೇ ಉಂಟು ಮಾರಾಯ್ತಿ. ಏಪ್ರಿಲ್ ಕೊನೆಗೆ ಖಲಾಸ್, ಊರಿಗೆ” ಎಂದರು. ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ಉಳಿದ ಅರ್ಧ ನಿಮ್ಮ ಬಳಿ ಇದ್ದರೆ ಬುಧವಾರದ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೀರಾ? ಕೆಳಗೆ ಫೋನ್ ನಂಬರ್ ಇದೆ.

ಇನ್ನೊಂದು ಮಾತು. ನಿಮ್ಮ ಹೆಸರು ಓದಿ ಹೇಳಿದಾಗ ಉಪ್ಪ ಊಟದ ತಟ್ಟೆ ಬಿಟ್ಟು ಎದ್ದರು. ನಾನು ಬರೆದದ್ದು ಅವರಿಗೆ ಗೊತ್ತಿಲ್ಲ.

ಇತಿ ವಿಶ್ವಾಸಿ,
ಜುಮಾನಾ


ದುಖಾನ್
ಜನವರಿ 21, 2025

ಜುಮಾನಾ,

ನೆನಪಾದೀತು ಎಂದು ಬರೆದಿದ್ದೀ. ಹನ್ನೊಂದು ವರ್ಷ ನಿನ್ನ ಉಪ್ಪನ ಗೊರಕೆ ಕೇಳಿಕೊಂಡು ಮಲಗಿದವನು ನಾನು, ನೆನಪು ಎಲ್ಲಿಗೆ ಹೋಗುತ್ತದೆ? ಮಾನ್ಯ ಗೀನ್ಯ ಎಲ್ಲ ಬೇಡ. ಫೋನೂ ಬೇಡ. ಜನರೇಟರಿನ ಬದಿಯ ಆಫೀಸಿನಲ್ಲಿ ಹಾಜರಿ ಬರೆದುಕೊಂಡು ಕೂತೂ ಕೂತೂ ನನ್ನ ಎರಡು ಕಿವಿಯೂ ಮಂದ. ನೀನು ಹಲೋ ಹಲೋ ಎನ್ನುವುದು, ನಾನು ಆಂ ಆಂ ಎನ್ನುವುದು, ಯಾರಿಗೆ ಬೇಕು ಆ ರಗಳೆ? ಕಾಗದವೇ ಒಳ್ಳೆಯದು. ಮೊದಲು ಊರಿಗೆ ಹೋಗುವವರ ಕೈಯಲ್ಲಿ ಕಾಗದ ಕೊಟ್ಟೇ ಅಲ್ಲವೇ ನಾವು ಬದುಕಿದ್ದು.

ಪುಸ್ತಕದ ಅರ್ಧ ನನ್ನ ಹತ್ತಿರ ಉಂಟು. ಕೊಡುವುದಿಲ್ಲ.

ಬೇಜಾರು ಮಾಡಬೇಡ. ಬೇಕಾದ್ದು ಕೇಳು, ನೋಡಿ ಬರೆದು ಕಳಿಸುತ್ತೇನೆ. ಆದರೆ ನಿನ್ನ ಖಳನಾಯಕನ ವಿಷಯ ಓದಿ ನಗು ಬಂತು. ಆ ಪುಸ್ತಕ ಊರಿಗೆ ಹೋದವನೊಬ್ಬ ಕ್ಯಾಂಪಿನಲ್ಲಿ ಬಿಟ್ಟುಹೋದದ್ದು. ಮಗ್ರಿಬ್ ನಮಾಜು ಮುಗಿಸಿ ಬಂದು ನಿನ್ನ ಉಪ್ಪ ಎ.ಸಿ.ಯ ಕೆಳಗೆ ಕಾಲು ಚಾಚಿ ಕೂರುತ್ತಿದ್ದ, ನಾನು ಗಟ್ಟಿಯಾಗಿ ಓದುತ್ತಿದ್ದೆ. ಮೈಯೆಲ್ಲ ಪೈಪಿಗೆ ಸುತ್ತುವ ಗ್ಲಾಸ್ ವುಲ್ಲಿನ ತುರಿಕೆ, ಹೊರಗೆ ನಲವತ್ತೆಂಟು ಡಿಗ್ರಿ. ನನಗೆ ಕಥೆ ಮುಂದೆ ಹೋಗಬೇಕು. ಅವನಿಗೆ ಹಿಮ ಬೇಕು. “ಕೊರಗಣ್ಣ, ಮನುಷ್ಯರು ಅಲ್ಲೇ ಇರಲಿ, ಹಿಮದ ಭಾಗ ಇನ್ನೊಮ್ಮೆ ಓದು” ಎನ್ನುತ್ತಿದ್ದ. ಕುದುರೆಯ ಮೂಗಿನ ಕೂದಲಿಗೆ ಮಂಜು ಕಟ್ಟುವುದನ್ನು ಹದಿನಾರು ಸಲ ಓದಿಸಿರಬೇಕು. ಬೇಕೆಂದೇ ಬೇಗ ಬೇಗ ಓದಿದರೆ ತಡೆದು, “ಮೆಲ್ಲ ಓದು, ಚಳಿ ಹತ್ತಲಿಲ್ಲ” ಎನ್ನುವುದು. ಇಲ್ಲಿ ಕೂತವನಿಗೆ ಹಿಮ ಹೇಗಮ್ಮ ಖಳನಾಯಕ?

ಅವನಿಗೆ ಮೈ ಹುಷಾರುಂಟಾ? ಅದೊಂದು ಬರೆ.

ಕೊರಗ


ಅಲ್ ವುಕೈರ್
ಫೆಬ್ರುವರಿ 11, 2025

ಕೊರಗ ಮಾಮ,

ಹೀಗೆ ಕರೆಯಬಹುದಲ್ಲ? ಉಪ್ಪನಿಗೆ ಹುಷಾರಿಲ್ಲ. ಹೃದಯ ದುರ್ಬಲ, ಕಾಲಿನಲ್ಲಿ ನೀರು ತುಂಬುತ್ತದೆ. ನನ್ನ ಗಂಡ ತಾಹಿರ್ ಬೆಳಿಗ್ಗೆ ಆರಕ್ಕೆ ವೆಸ್ಟ್ ಬೇ ಕಡೆ ಕೆಲಸಕ್ಕೆ ಹೊರಟರೆ ಬರುವಾಗ ಕತ್ತಲೆ. ಇಡೀ ದಿನ ಉಪ್ಪ ಮತ್ತು ನಾನು. ಅವರು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಎದುರಿನ ಖಾಲಿ ಜಾಗ ನೋಡುತ್ತಾರೆ. ಅಲ್ಲಿ ಒಂದು ಕ್ರೇನು, ಮಣ್ಣು, ಮತ್ತೆ ಮಣ್ಣು. ಏನು ನೋಡುತ್ತೀರಿ ಎಂದರೆ “ಎಂಥದೂ ಇಲ್ಲ” ಎನ್ನುತ್ತಾರೆ. ಒಂದೇ ಮನೆಯಲ್ಲಿದ್ದೂ ನಾವು ದಿನಕ್ಕೆ ಇಪ್ಪತ್ತು ಮಾತು ಆಡಿದರೆ ಹೆಚ್ಚು. ನನಗಂತೂ ಕೆಲವು ದಿನ ಅಳು ಬರುತ್ತದೆ.

ಅವರು ಅಷ್ಟು ಮಾತಾಡುತ್ತಿದ್ದರು, ಓದು ಓದು ಎಂದು ನಿಮ್ಮನ್ನು ಪೀಡಿಸುತ್ತಿದ್ದರು ಎಂದರೆ ನಂಬಲು ಆಗುವುದಿಲ್ಲ. ನಿಮ್ಮ ಕಾಗದ ಬಂದ ಮೇಲೆ ಒಂದು ಸಂಜೆ, ನನ್ನ ಪ್ರಬಂಧಕ್ಕೆ ಎಂದು ನೆಪ ಮಾಡಿ ಹಿಮದ ಪುಟ ಓದಿದೆ. ಕಣ್ಣು ಮುಚ್ಚಿ ಕೇಳಿದರು. ಕುದುರೆಯ ಮೂಗಿನ ಕಡೆ ಬಂದಾಗ ನನಗಿಂತ ಮೊದಲೇ ಅವರ ತುಟಿ ಅಲ್ಲಾಡಿತು. ಆಮೇಲೆ “ಸಾಕು” ಎಂದರು.

ಮಾಮ, ಪುಸ್ತಕ ಹಳತಾಗಿ ಹರಿದದ್ದಲ್ಲ. ಯಾರೋ ಸಿಟ್ಟಿನಲ್ಲಿ ಎಳೆದು ಹರಿದದ್ದು. ಉಪ್ಪನೇ, ಅಲ್ಲವೇ? ನಿಮ್ಮಿಬ್ಬರ ನಡುವೆ ಏನಾಯಿತು? ನೀವು ಊರಿಗೆ ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲ.

ನಿಮ್ಮ,
ಜುಮಾನಾ


ದುಖಾನ್
ಮಾರ್ಚ್ 4, 2025

ಮಗಳೇ,

ಮೂರು ವಾರ ತಡ ಮಾಡಿದೆ. ಬರೆದು ಬರೆದು ಹರಿದೆ. ಈ ಸಲ ಹರಿಯುವುದಿಲ್ಲ.

1998ರ ಜೂನ್ 18, ಗುರುವಾರ. ಅವತ್ತು ಇಲ್ಲಿ ಶಮಾಲ್ ಗಾಳಿ. ಕೈ ಚಾಚಿದರೆ ಬೆರಳು ಕಾಣದಷ್ಟು ಧೂಳು. ದೋಹಾ ರಸ್ತೆ ಬಂದ್ ಮಾಡಿದ್ದರು. ಬೆಳಿಗ್ಗೆ ಹತ್ತಕ್ಕೆ ಆಫೀಸಿಗೆ ಉಳ್ಳಾಲದಿಂದ ಫೋನ್ ಬಂತು. ಹವ್ವಮ್ಮ, ಅಂದರೆ ನಿನ್ನ ಅಜ್ಜಿ, ತುಂಬ ಸೀರಿಯಸ್, ಮಗನನ್ನು ಹೊರಡಿಸಿ ಎಂದರು. ಫೋನ್ ಎತ್ತಿದ್ದು ನಾನು.

ಆ ವಾರ ನಾವು ಪುಸ್ತಕದಲ್ಲಿ ಎಲ್ಲಿದ್ದೆವು ಗೊತ್ತುಂಟಾ? ನಿನ್ನ ಅರ್ಧದ ಕೊನೆ ನೋಡು. ಬಡಗಿಯ ತಾಯಿ ಸಾಯುತ್ತಿದ್ದಾಳೆ ಎನ್ನುವುದು ಗಾಡಿಯವನಿಗೆ ದಾರಿಯಲ್ಲಿ ಗೊತ್ತಾಗುತ್ತದೆ. ಹೇಳಿದರೆ ಇವನು ಹಿಮದಲ್ಲಿ ನಡೆದೇ ಹೊರಟು ಸತ್ತುಹೋಗುತ್ತಾನೆ, ಹಿಮ ನಿಂತ ಮೇಲೆ ಹೇಳೋಣ ಎಂದು ಬಾಯಿ ಕಟ್ಟಿಕೊಳ್ಳುತ್ತಾನೆ. ಎಂಥ ಒಳ್ಳೆಯ ಮನುಷ್ಯ ಎಂದು ನಾವಿಬ್ಬರೂ ಹೊಗಳಿದ್ದೆವು. ನಾನು ಅವನ ಹಾಗೆಯೇ ಮಾಡಿದೆ. ಗಾಳಿ ನಿಲ್ಲಲಿ, ಆಮೇಲೆ ಹೇಳೋಣ ಎಂದುಕೊಂಡೆ. ಪುಸ್ತಕ ನೋಡಿ ಬದುಕಲು ಹೊರಟ ಮಡ್ಡ ನಾನು.

ಮಾರನೆ ದಿನ ಶುಕ್ರವಾರ ಬೆಳಿಗ್ಗೆ ಇನ್ನೊಂದು ಫೋನ್ ಬಂತು. ಎಲ್ಲ ಮುಗಿದಿತ್ತು. ಜುಮಾ ನಮಾಜು ಆದ ಮೇಲೆ ಮಣ್ಣು ಮಾಡಿದರು. ನಿನ್ನ ಉಪ್ಪ ತಲುಪುವಾಗ ಎರಡು ದಿನ ಆಗಿತ್ತು. ಮೊದಲ ಫೋನಿನ ವಿಷಯ ಅವನಿಗೆ ಊರಿನಲ್ಲಿ ಗೊತ್ತಾಯಿತು. ವಾಪಸ್ ಬಂದವನು ನನ್ನ ಕೈಯಿಂದ ಪುಸ್ತಕ ಎಳೆದ, ಅದು ಎರಡಾಯಿತು. ಒಂದರ್ಧ ನನ್ನ ಮುಖಕ್ಕೆ ಎಸೆದ. ಪೆಟ್ಟಿಗೆ ಹೊತ್ತುಕೊಂಡು ಬೇರೆ ರೂಮಿಗೆ ಹೋದ, ತಿಂಗಳೊಳಗೆ ಬೇರೆ ಕಂಪನಿಗೆ.

ಇಷ್ಟು ಅವನಿಗೆ ಗೊತ್ತಿರುವುದು. ಗೊತ್ತಿಲ್ಲದ್ದು ಈಗ ಬರೆಯುತ್ತೇನೆ. ಗಾಳಿ ಇಡೀ ದಿನ ಇತ್ತು ಎಂದು ನಾನು ಹೇಳಿದ್ದೆ. ಸುಳ್ಳು. ಶಿಫ್ಟ್ ಮುಗಿಸಿ ಎ.ಸಿ. ರೂಮಿನ ಒಳಗೆ ಸೇರಿದ್ದ ಅವನಿಗೆ ತಿಳಿಯಲಿಲ್ಲ ಅಷ್ಟೆ. ಸಂಜೆ ನಾಲ್ಕಕ್ಕೆ ಗಾಳಿ ನಿಂತಿತ್ತು. ನಾಲ್ಕೂವರೆಗೆ ನೀರಿನ ಟ್ಯಾಂಕರ್ ದೋಹಾಕ್ಕೆ ಹೊರಟಿತ್ತು. ಆ ರಾತ್ರಿಯ ಬೊಂಬಾಯಿ ವಿಮಾನ ಸಿಗುತ್ತಿತ್ತು, ಜುಮಾದೊಳಗೆ ಉಳ್ಳಾಲದಲ್ಲಿ ಇರುತ್ತಿದ್ದ. ರಜೆ, ಪಾಸ್‌ಪೋರ್ಟ್ ಎಲ್ಲ ಓಡಾಡಿ ಮಾಡಿಸುವವನು ನಾನೇ ಅಲ್ಲವೇ? ಹೇಳಲೆಂದೇ ರೂಮಿಗೆ ಹೋದೆ. ಅವನು ಶಿಫ್ಟ್ ಮುಗಿಸಿ, ಮಿಂದು, ಒದ್ದೆ ಕೂದಲಿನಲ್ಲಿ ಕೂತಿದ್ದ. “ಇವತ್ತು ಬೇಗ ಬಂದೆಯಲ್ಲ, ಹಿಮದ ಭಾಗ ಓದು” ಎಂದ. ಒಂದೇ ಅಧ್ಯಾಯ ಓದಿ ಹೇಳೋಣ ಎಂದು ಪುಸ್ತಕ ತೆರೆದೆ. ಓದುತ್ತಿರುವಾಗ ಟ್ಯಾಂಕರ್ ಗೇಟು ದಾಟಿದ ಶಬ್ದ ಕೇಳಿತು. ಆಗ ನನ್ನ ಕಿವಿ ಚೆನ್ನಾಗಿತ್ತು.

ಯಾಕೆ ಹಾಗೆ ಮಾಡಿದೆ ಎಂದು ಇಪ್ಪತ್ತೇಳು ವರ್ಷ ಕೇಳಿಕೊಂಡಿದ್ದೇನೆ. ದಯೆ ಅಲ್ಲ, ಮರೆವೂ ಅಲ್ಲ. ಅವನು ಹೊರಟರೆ ಆ ರೂಮಿನಲ್ಲಿ ನಾನೊಬ್ಬನೇ. ನನಗೆ ಮದುವೆ ಇಲ್ಲ, ಊರಿನಲ್ಲಿ ಕಾಯುವವರಿಲ್ಲ. ನನಗೆ ಆ ಒಂದು ಸಂಜೆ ಬೇಕಿತ್ತು. ಒಂದು ಸಂಜೆಗಾಗಿ ಅವನ ತಾಯಿಯ ಮುಖ ಕಿತ್ತುಕೊಂಡೆ.

ನನ್ನ ಅರ್ಧ ಪುಸ್ತಕವನ್ನು ನಾನು ಆರು ವರ್ಷ ತೆರೆಯಲಿಲ್ಲ. ತೆರೆದಾಗ ಏನಿತ್ತು ಗೊತ್ತಾ? ಬಡಗಿ ಮನೆ ತಲುಪುವಾಗ ತಾಯಿ ಸತ್ತು ಒಂಬತ್ತು ದಿನ ಆಗಿದೆ. ಆದರೆ ನೆಲ ಹೆಪ್ಪುಗಟ್ಟಿ ಕಬ್ಬಿಣವಾಗಿದೆ, ಹಾರೆ ಇಳಿಯುವುದಿಲ್ಲ. ಹಿಮ ಕರಗುವವರೆಗೆ ಹೂಳುವ ಹಾಗಿಲ್ಲ. ಕಣಜದಲ್ಲಿ ಮಲಗಿಸಿದ್ದಾರೆ, ಮುಖ ನಿದ್ದೆ ಹೋದ ಹಾಗಿದೆ. ಅವನು ಪಕ್ಕದಲ್ಲಿ ಕೂತು ಮಾತಾಡುತ್ತಾನೆ. ದಾರಿ ಕಟ್ಟಿದ ಹಿಮವೇ ತಾಯಿಯನ್ನು ಅವನಿಗಾಗಿ ಇಟ್ಟುಕೊಂಡಿತ್ತು. ಆ ಗಾಡಿಯವನ ಮೌನ ಅಲ್ಲಿ ನಡೆಯುತ್ತದೆ. ಉಳ್ಳಾಲದ ಜೂನ್ ತಿಂಗಳಲ್ಲಿ ನಡೆಯುವುದಿಲ್ಲ. ನಿನ್ನ ಪ್ರಬಂಧಕ್ಕೆ ಇದು ಬೇಕು, ಬರೆದುಕೋ.

ಏಪ್ರಿಲ್ 30ಕ್ಕೆ ನನ್ನ ವಿಮಾನ. ಅದಕ್ಕೆ ಮೊದಲು ಈ ಕಾಗದ ಅವನಿಗೆ ಓದಿ ಹೇಳು. ಬಾ ಎಂದರೆ ಬಂದು ಅವನ ಎದುರು ನಿಲ್ಲುತ್ತೇನೆ. ಬೈದರೆ ಬೈಯಲಿ.

ಕೊರಗ


ದುಖಾನ್
ಮಾರ್ಚ್ 25, 2025

ಜುಮಾನಾ,

ಮೂರು ವಾರ ಆಯಿತು. ಬುಧವಾರ ಬಸ್ ಬರುವ ಮೊದಲೇ ಗೇಟಿನ ಹತ್ತಿರ ನಿಂತಿರುತ್ತೇನೆ. ರೋಶನ್ ದೂರದಿಂದಲೇ ಕೈ ಆಡಿಸಿ ಇಲ್ಲ ಎನ್ನುತ್ತಾನೆ. ಕ್ಯಾಂಪಿನಲ್ಲಿ ನನ್ನ ಕಾಲದವರು ಯಾರೂ ಇಲ್ಲ. ಬೆಕ್ಕೊಂದು ಉಂಟು, ಅದಕ್ಕೂ ನಾನು ಬೇಡ.

ಓದಿದ್ದೀಯಾ ಇಲ್ಲವಾ? ಅಷ್ಟು ಬರೆದರೆ ಸಾಕು.

ಕೊರಗ


ಅಲ್ ವುಕೈರ್
ಏಪ್ರಿಲ್ 8, 2025

ಕೊರಗ ಮಾಮ,

ನನ್ನನ್ನು ಬೈಯಿರಿ. ನಿಮ್ಮ ಕಾಗದ ಬಂದ ಮರುದಿನವೇ ಉಪ್ಪನಿಗೆ ಉಸಿರು ಕಟ್ಟಿತು, ಆಸ್ಪತ್ರೆಗೆ ಸೇರಿಸಿದೆವು. ಮನಸ್ಸಿಗೆ ನೋವಾಗುವ ಯಾವ ಮಾತೂ ಬೇಡ ಎಂದರು ಡಾಕ್ಟರು. ಕಾಗದವನ್ನು ಮಸಾಲೆ ಡಬ್ಬದ ಹಿಂದೆ ಇಟ್ಟೆ. ಸ್ವಲ್ಪ ಚೇತರಿಸಿಕೊಳ್ಳಲಿ, ರಂಜಾನಿನ ನೋಂಬು ಮುಗಿಯಲಿ, ಹಬ್ಬ ಕಳೆಯಲಿ ಎಂದು ಮುಂದೂಡಿದೆ. ಹಬ್ಬದ ಮಾರನೆ ದಿನ ಅಡುಗೆ ಮನೆಯಲ್ಲಿ ನಿಂತಾಗ ನನಗೇ ಹೊಳೆಯಿತು. ಗಾಳಿ ನಿಲ್ಲಲಿ ಎಂದು ನಾನೂ ಕಾಯುತ್ತಿದ್ದೆ!

ಅವತ್ತೇ ಓದಿದೆ. ಒಂದು ಅಕ್ಷರ ಬಿಡಲಿಲ್ಲ. ಮುಗಿದ ಮೇಲೆ ಉಪ್ಪ ಒಂದೇ ಪ್ರಶ್ನೆ ಕೇಳಿದರು. “ಟ್ಯಾಂಕರ್ ಎಷ್ಟು ಗಂಟೆಗೆ ಅಂದ?” ನಾಲ್ಕೂವರೆ ಎಂದೆ. ಗೋಡೆಯ ಕಡೆ ತಿರುಗಿ ಮಲಗಿದರು.

ಎರಡು ದಿನ ಊಟವನ್ನು ಬಲವಂತ ಮಾಡಿ ತಿನ್ನಿಸಬೇಕಾಯಿತು. ಮೂರನೆಯ ದಿನ ಅವರೇ ಕರೆದರು. “ಹೇಳಿದ್ದರೂ ದಾರಿ ಇರಲಿಲ್ಲವಲ್ಲ ಅಂತ ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ ಮಗಳೇ. ಅದನ್ನೂ ತೆಗೆದ ಅವನು” ಎಂದರು. ಉಪ್ಪ ಅತ್ತದ್ದನ್ನು ನಾನು ಮೊದಲ ಬಾರಿ ನೋಡಿದೆ. ಉಮ್ಮ ಹೋದಾಗಲೂ ಅವರು ಅತ್ತಿರಲಿಲ್ಲ.

ಶುಕ್ರವಾರ ನಿಮ್ಮನ್ನು ಇಲ್ಲಿಗೆ ಕರೆಯಲಾ ಎಂದು ಉಪ್ಪನನ್ನು ಕೇಳಿದೆ. ಬೇಡ ಎಂದರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: “ನನ್ನ ಎದುರು ನಿಂತು ಎಂಥ ಮಾಡುವುದು? ಕಾದದ್ದು ನಾನಲ್ಲ. ಊರಿಗೆ ಹೋಗ್ತಾನಲ್ಲ, ಉಮ್ಮನ ಖಬರಿನ ಹತ್ತಿರ ಹೋಗಲಿ. ಮಗ ಯಾಕೆ ಬರಲಿಲ್ಲ ಅಂತ ಅವರಿಗೆ ಹೇಳಲಿ.”

ನಿಮ್ಮನ್ನು ನೋಡಬೇಕು ಎಂದು ನನಗೆ ತುಂಬ ಇತ್ತು ಮಾಮ.

ನಿಮ್ಮ,
ಜುಮಾನಾ


ದುಖಾನ್
ಏಪ್ರಿಲ್ 29, 2025

ಮಗಳೇ,

ಹೋಗುತ್ತೇನೆ ಎಂದು ಅವನಿಗೆ ಹೇಳು. ರೂಮಿನ ಕೀ ಕೊಟ್ಟಾಯಿತು. ಮೂವತ್ತೆಂಟು ವರ್ಷದ ಸಾಮಾನು ಒಂದೇ ಪೆಟ್ಟಿಗೆಯಲ್ಲಿ ಹಿಡಿಯಿತು, ಇನ್ನೂ ಜಾಗ ಉಂಟು. ನಾಳೆ ರೋಶನ್ ಏರ್‌ಪೋರ್ಟಿಗೆ ಬಿಡುತ್ತಾನೆ.

ಕೊರಗ


ಸೋಮೇಶ್ವರ
ಮೇ 20, 2025

ಮಗಳು ಜುಮಾನಾಳಿಗೆ ಆಶೀರ್ವಾದ.

ಈಗ ತಂಗಿ ಪೂವಕ್ಕನ ಮನೆಯಲ್ಲಿದ್ದೇನೆ. ಅವಳ ಮಕ್ಕಳಿಗೆ ನಾನು ವರ್ಷಕ್ಕೊಮ್ಮೆ ಚಾಕಲೇಟ್ ತರುವ ಮಾವ, ಹೀಗೆ ದಿನವೂ ಮನೆಯಲ್ಲಿ ಕೂತರೆ ಏನು ಮಾಡುವುದೆಂದು ಅವರಿಗೆ ತಿಳಿಯುವುದಿಲ್ಲ. ನನಗೂ ತಿಳಿಯುವುದಿಲ್ಲ.

ಬಂದು ಎರಡು ವಾರ ನನಗೆ ಧೈರ್ಯ ಬರಲಿಲ್ಲ. ಮೊನ್ನೆ ಉಳ್ಳಾಲಕ್ಕೆ ಹೋದೆ. ನಿಮ್ಮ ಕೇರಿಯ ಮಸೀದಿಯಲ್ಲಿ ಬಾಂಗು ಕೊಡುವ ಮುಕ್ರಿಯವರು ಪ್ರಾಯದವರು, ಪಕೀರಬ್ಬನ ತಾಯಿಯ ಖಬರ್ ಎಂದ ಕೂಡಲೇ ಗೋರಿಗಳ ಜಾಗಕ್ಕೆ ಕರೆದುಕೊಂಡು ಹೋದರು. ನೀವು ಹೆಂಗಸರು ಒಳಗೆ ಹೋಗುವುದಿಲ್ಲವಾದ್ದರಿಂದ ಹೇಳುತ್ತೇನೆ. ತಲೆಯ ಕಡೆಯ ಕಲ್ಲು ಸ್ವಲ್ಪ ವಾಲಿದೆ. ಅದರ ಬದಿಯಲ್ಲಿ ಒಂದು ಮದರಂಗಿ ಗಿಡ, ನನ್ನ ಎದೆಯ ಎತ್ತರಕ್ಕೆ ಬೆಳೆದಿದೆ. ನಿನ್ನ ಉಪ್ಪ ಆ ಸಲ ಬಂದಾಗ ಕೊಂಬೆ ತಂದು ನೆಟ್ಟದ್ದಂತೆ. ಯಾರೂ ನೀರು ಹಾಕದಿದ್ದರೂ ಪ್ರತಿ ಮಳೆಗಾಲ ಚಿಗುರುತ್ತದೆ ಎಂದರು ಮುಕ್ರಿಯವರು.

ಚಪ್ಪಲಿ ಬಿಟ್ಟು ನಿಂತೆ. ನಿನ್ನ ಉಪ್ಪನಿಂದ ಕಲಿತ ಬ್ಯಾರಿಯಲ್ಲೇ ಹೇಳಿದೆ. ಉಮ್ಮ, ನಾನು ಕೊರಗ. ನಿಮ್ಮ ಮಗ ಬರಬಹುದಿತ್ತು. ದಾರಿ ತೆರೆದಿತ್ತು. ನಾನು ಹೇಳಲಿಲ್ಲ. ಇಷ್ಟೇ ಹೇಳಿದ್ದು. ಹೇಳಿ ಮುಗಿಸಿ ಅಲ್ಲೇ ಕೂತೆ. ಆಮೇಲೆ ಚೀಲದಿಂದ ನನ್ನ ಅರ್ಧ ಪುಸ್ತಕ ತೆಗೆದು, ಬಡಗಿ ತಾಯಿಯ ಹತ್ತಿರ ಕೂತು ಮಾತಾಡುವ ಅಧ್ಯಾಯ ಓದಿದೆ. ಗಟ್ಟಿಯಾಗಿ, ಮೆಲ್ಲ ಮೆಲ್ಲ. ಮುಕ್ರಿಯವರು ಹತ್ತಿರ ಬಂದು, “ಇದೆಂಥದು ಮಾರಾಯ ಓದುವುದು?” ಎಂದರು. ರಷ್ಯಾದ ಹಿಮ ಎಂದೆ. ಮಂಡೆ ಸರಿ ಉಂಟಾ ಎನ್ನುವ ಹಾಗೆ ನೋಡಿದರು. ಆದರೆ ಎಬ್ಬಿಸಲಿಲ್ಲ. ಕೊನೆಗೆ ತಾವೂ ಕೂತು ಕೇಳಿದರು.

ಇನ್ನು ಈ ಅರ್ಧವನ್ನು ಇಟ್ಟುಕೊಳ್ಳುವ ಹಕ್ಕು ನನಗಿಲ್ಲ. ಇಲ್ಲಿನ ಪಕ್ಕದ ಮನೆಯವಳು, ದೋಹಾದ ಆಸ್ಪತ್ರೆಯ ನರ್ಸ್ ಮೆಲನಿ ರಜೆ ಮುಗಿಸಿ ಬರುವ ತಿಂಗಳು ಹೊರಡುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಒಳಗೆ ಮದರಂಗಿಯ ಒಂದು ಎಲೆ ಇಟ್ಟಿದ್ದೇನೆ, ಅದು ಅವನಿಗೆ. ಉತ್ತರ ಬೇಕೆಂದಿಲ್ಲ.

ಕೊರಗ


ಅಲ್ ವುಕೈರ್
ಜುಲೈ 15, 2025

ಪ್ರೀತಿಯ ಕೊರಗ ಮಾಮ,

ಮೆಲನಿ ಅಕ್ಕ ಪುಸ್ತಕ ತಲುಪಿಸಿದರು. ಪ್ರಬಂಧವನ್ನು ಮೊದಲಿನಿಂದ ತಿರುಗಿ ಬರೆದು ಒಪ್ಪಿಸಿದೆ. ಖಳನಾಯಕ ಹೋದ. ಅವನ ಬದಲಿಗೆ ಯಾರನ್ನು ತಂದೆ ಎಂದು ಹೇಳಲು ನನಗೇ ಬರುವುದಿಲ್ಲ. ಈಗ ಅರ್ಥವಾಯಿತಾ ಎಂದರು ಸಹನಾ ಮೇಡಂ.

ನಿಮ್ಮ ಸೋಮೇಶ್ವರದ ಕಾಗದವನ್ನು ಉಪ್ಪನಿಗೆ ಓದಿ ಹೇಳಿದೆ. ಮದರಂಗಿ ಎಲೆಯನ್ನು ಮೂಸಿ ಜೇಬಿಗೆ ಹಾಕಿಕೊಂಡರು. ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ನಿಮ್ಮ ಅರ್ಧ ಓದಿಸಿದರು. ಬಡಗಿ ತಾಯಿಯ ಮುಖದ ಬಟ್ಟೆ ಸರಿಸುವ ಕಡೆ ಕೈ ಎತ್ತಿ ನಿಲ್ಲಿಸಿದರು. ಸಾಕು ಎನ್ನುತ್ತಾರೆ ಎಂದುಕೊಂಡೆ. “ಇನ್ನೊಮ್ಮೆ” ಎಂದರು. ಮೂರು ಸಲ ಓದಿದೆ. “ಒಬ್ಬನಾದರೂ ನೋಡಿದನಲ್ಲ” ಎಂದು ಹೇಳಿ ಕಣ್ಣೊರೆಸಿಕೊಂಡರು.

ಮೊನ್ನೆ ಬೆಳಿಗ್ಗೆ ಪೆಟ್ಟಿಗೆಯಿಂದ ಬಾಗಿದ ಸೂಜಿ ತೆಗೆಸಿದರು, ಇನ್ಸುಲೇಷನ್ ಬಟ್ಟೆ ಹೊಲಿಯುತ್ತಿದ್ದರಲ್ಲ, ಅದೇ ಸೂಜಿ. ಎರಡು ಅರ್ಧಗಳನ್ನು ಜೋಡಿಸಿ ಹೊಲಿಯಲು ಕೂತರು. ಕೈ ನಡುಗುತ್ತದೆ, ಆದರೂ ನನಗೆ ಮುಟ್ಟಲು ಬಿಡಲಿಲ್ಲ. ಎರಡು ದಿನ ಹಿಡಿಯಿತು. ಪೈಪಿಗೆ ಹಾಕುವ ಹೊಲಿಗೆ ಅದು, ಇನ್ನು ಆನೆ ಎಳೆದರೂ ಬಿಡುವುದಿಲ್ಲ. ನಡುವಿನ ಪುಟಗಳ ಅಂಚಿನ ಅಕ್ಷರಗಳು ದಾರದ ಒಳಗೆ ಹೋಗಿಬಿಟ್ಟಿವೆ, ಓದಲು ಬರುವುದಿಲ್ಲ ಎಂದು ನಾನು ಬೊಬ್ಬೆ ಹಾಕಿದೆ. “ಅದು ಅವನಿಗೆ ಬಾಯಿಪಾಠ ಉಂಟು” ಎಂದರು.

ಆಗ ತಿಳಿಯಿತು, ಪುಸ್ತಕ ಮತ್ತೆ ನಿಮ್ಮ ಕಡೆ ಹೊರಟಿದೆ ಎಂದು. ನನ್ನ ಓದು ಅವರಿಗೆ ಹಿಡಿಸಿಲ್ಲವಂತೆ, ಶಾಲೆ ಮಕ್ಕಳ ಓದಂತೆ. ನೀವು ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಬೇಕಂತೆ. ಕಿವಿ ಮಂದವಾದರೇನು, ಬಾಯಿ ಇದೆಯಲ್ಲ ಎಂದರು. ನಾಳೆ ಊರಿಗೆ ಹೊರಡುವ ರೋಶನ್ ಅಣ್ಣನ ಕೈಯಲ್ಲಿ ಪುಸ್ತಕ ಮತ್ತು ಈ ಕಾಗದ ಕೊಡುತ್ತಿದ್ದೇನೆ.

ಕ್ಷಮಿಸಿದ್ದೇನೆ ಎಂದು ಬರೆಯಲಾ ಎಂದು ಉಪ್ಪನನ್ನು ಕೇಳಿದೆ. ಅವರು ಕಿಟಕಿಯ ಕಡೆ ನೋಡಿದರು. ಹೊರಗೆ ನಲವತ್ತೇಳು ಡಿಗ್ರಿ, ಕ್ರೇನೂ ನಿಂತಿತ್ತು.

“ಅದೆಲ್ಲ ಬೇಡ” ಎಂದರು. “ಹಿಮದ ಭಾಗ ಮೊದಲು ಓದಲಿ ಅಂತ ಬರೆ. ಮೆಲ್ಲ ಓದಲಿ.”

ನಿಮ್ಮ ಮಗಳು,
ಜುಮಾನಾ